ಸಂಜೆ ಆರೂವರೆಗೆ ಒಂದು ಬಸ್ ಬೇಕು

2022ರ ಡಿಸೆಂಬರ್. ನಾವು ಆಗ ಫಸ್ಟ್ ಪಿಯು. ರಾತ್ರಿ ಹನ್ನೆರಡೂವರೆಗೆ ವರ್ಲ್ಡ್ ಕಪ್‌ನಲ್ಲಿ ಜಪಾನ್–ಸ್ಪೇನ್ ಮ್ಯಾಚ್. ನಗರಗೆರೆಯ ಗೆಳೆಯನ ಮನೇಲಿ ಐದು ಜನ ಒಂದೇ ಮೊಬೈಲ್ ಸುತ್ತ ಕೂತಿದ್ವಿ. ಅವರಮ್ಮ ಎದ್ದು ಬೈಬಾರ್ದು ಅಂತ ಸೌಂಡ್ ಪೂರ್ತಿ ಕಮ್ಮಿ. ಸ್ಕೋರ್ 1-1. ಬಾಲ್ ಗೆರೆ ದಾಟಿ ಹೋಯ್ತು ಅಂತ ಎಲ್ಲರೂ ಅಂದುಕೊಂಡ್ವಿ. ಆದ್ರೆ ಕೌರು ಮಿತೋಮ ಕಾಲು ಚಾಚಿ ಅದನ್ನ ಒಳಗೆ ಎಳೆದ, ಆವೊ ತನಾಕ ಗೋಲಿಗೆ ನೂಕಿದ. ವಿಎಆರ್ ನೋಡಿದ್ರೆ ಬಾಲ್ ಗೆರೆಯ ಮೇಲೆ ಎರಡು ಮಿಲಿಮೀಟರ್‌ಗಿಂತ ಕಮ್ಮಿ ಉಳಿದಿತ್ತು. ಗೋಲ್! ನಾವು ಕಿರುಚಿದ್ವಿ. ಅಮ್ಮನೂ ಎದ್ರು.

ಆ ಇಬ್ಬರೂ ಕವಾಸಾಕಿ ಊರಿನ ಒಂದೇ ಪ್ರೈಮರಿ ಸ್ಕೂಲ್‌ನಲ್ಲಿ ಓದಿದವರು ಅಂತ ಆಮೇಲೆ ಗೊತ್ತಾಯ್ತು. ಅದಕ್ಕಿಂತ ದೊಡ್ಡ ಆಶ್ಚರ್ಯ ಇನ್ನೊಂದಿತ್ತು. ಮಿತೋಮಗೆ ಹದಿನೆಂಟಕ್ಕೇ ಕವಾಸಾಕಿ ಫ್ರಾಂಟಾಲೆ ಕ್ಲಬ್ ಪ್ರೊಫೆಷನಲ್ ಆಗಿ ಬಾ ಅಂತ ಕರೆದಿತ್ತು. ಅವನು ಬರಲ್ಲ ಅಂದ. ದೇಹ ಇನ್ನೂ ತಯಾರಿಲ್ಲ ಅನಿಸಿ ತ್ಸುಕುಬಾ ಯೂನಿವರ್ಸಿಟಿಗೆ ಸೇರಿದ. ಅಲ್ಲಿ ಅವನು ಬರೆದ ಪ್ರಬಂಧದ ವಿಷಯ ಡ್ರಿಬ್ಲಿಂಗ್! ಟೀಮ್‌ನವರ ತಲೆಗೆ ಚಿಕ್ಕ ಕ್ಯಾಮೆರಾ ಕಟ್ಟಿ, ಆಡುವಾಗ ಅವರು ಎಲ್ಲಿ ನೋಡ್ತಾರೆ ಅಂತ ಗಮನಿಸಿದ. ಚೆನ್ನಾಗಿ ಆಡೋರ ಕಣ್ಣು ಬಾಲ್ ಮೇಲಲ್ಲ, ಎದುರಿನವನ ಮೇಲಿರುತ್ತೆ ಅಂತ ಕಂಡುಕೊಂಡ. ಡಿಗ್ರಿ ಮುಗಿಸಿ 2020ರಲ್ಲಿ ಅದೇ ಫ್ರಾಂಟಾಲೆಗೆ ಆಡಿ ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 13 ಗೋಲ್ ಹೊಡೆದ. 2021ರಲ್ಲಿ ಇಂಗ್ಲೆಂಡಿನ ಬ್ರೈಟನ್ ಅವನನ್ನ ಕೊಂಡಿತು, ಒಂದು ವರ್ಷ ಬೆಲ್ಜಿಯಂನಲ್ಲಿ ಆಡಿಸಿ ಆಮೇಲೆ ಕರೆಸಿಕೊಂಡಿತು.

ಅಂದ್ರೆ ಕಾಲೇಜು ಅವನ ಆಟವನ್ನ ನಿಲ್ಲಿಸಲಿಲ್ಲ, ಬೆಳೆಸಿತು. ನಮ್ಮ ಕಥೆ ಉಲ್ಟಾ.

‘ಜಪಾನ್ ಬಿಡ್ರೋ, ಅವರ ಲೆವೆಲ್ಲೇ ಬೇರೆ’ ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ಅವರಿಗೆ ಒಂದು ಹಳೆ ಸ್ಕೋರ್ ತೋರಿಸಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್. ಜಪಾನ್ ಮೊದಲ ಮ್ಯಾಚಲ್ಲೇ ಆಸ್ಟ್ರೇಲಿಯಾಗೆ 0-2 ಸೋತು ಮನೆಗೆ ಹೋಯ್ತು. ಅದೇ ಆಸ್ಟ್ರೇಲಿಯಾವನ್ನ ಮುಂದಿನ ಸುತ್ತಿನಲ್ಲಿ ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದ. ಆ ಸಲ ಭಾರತಕ್ಕೆ ನಾಲ್ಕನೇ ಸ್ಥಾನ ಬಂತು. ಆ ತಂಡದ ಹಾಫ್-ಬ್ಯಾಕ್‌ಗಳಲ್ಲಿ, ಅಂದ್ರೆ ಈಗ ನಾವು ಮಿಡ್‌ಫೀಲ್ಡರ್ ಅನ್ನೋ ಜಾಗದಲ್ಲಿ, ಒಬ್ಬ ನಮ್ಮವರಿದ್ರು. ಹೆಸರು ಕೆಂಪಯ್ಯ.

ಆ ಆಸ್ಟ್ರೇಲಿಯಾ ಮ್ಯಾಚ್ ನಡೆದದ್ದು ಡಿಸೆಂಬರ್ 1ರಂದು. ಕನ್ನಡದ ಊರುಗಳೆಲ್ಲ ಒಂದು ರಾಜ್ಯ ಆಗಿ ಸರಿಯಾಗಿ ಒಂದು ತಿಂಗಳು. ನಾವು ಪ್ರತಿ ನವೆಂಬರ್‌ನಲ್ಲಿ ಕ್ಯಾಂಪಸ್ ತುಂಬಾ ಬಾವುಟ ಕಟ್ತೀವಿ, ಡಿಜೆ ಹಾಕ್ತೀವಿ. ಕೆಂಪಯ್ಯ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಎಷ್ಟು ಕೈ ಮೇಲೆ ಹೋಗುತ್ತೆ? ನಮಗೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಮಿತೋಮ ಗೊತ್ತಿತ್ತು, ಕೆಂಪಯ್ಯ ಗೊತ್ತಿರಲಿಲ್ಲ. ಅದಕ್ಕೂ ಹಿಂದೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತ ಹೊಡೆದ ಒಂದೇ ಗೋಲ್ ಕೂಡ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದು. ಆ ತಂಡದಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದ್ರು.

ಆಮೇಲೆ ಏನಾಯ್ತು? ಜಪಾನ್ 1968ರಲ್ಲಿ ಒಲಿಂಪಿಕ್ ಕಂಚು ಗೆದ್ದಿತು, 1993ರಲ್ಲಿ ಜೆ-ಲೀಗ್ ಶುರು ಮಾಡಿತು, 1998ರಲ್ಲಿ ಮೊದಲ ಸಲ ವರ್ಲ್ಡ್ ಕಪ್ ಆಡಿತು. ಈ ನಡುವೆ ಹೈಸ್ಕೂಲ್ ಮತ್ತು ಯೂನಿವರ್ಸಿಟಿ ಟೂರ್ನಮೆಂಟ್‌ಗಳನ್ನ ಅವರು ಕೈಬಿಡಲಿಲ್ಲ. ನಮ್ಮ ರಾಜ್ಯಕ್ಕೂ ಒಳ್ಳೆ ದಿನಗಳಿವೆ. ಬೆಂಗಳೂರು ಎಫ್‌ಸಿ ಇದೆ. 2023ರಲ್ಲಿ ಕರ್ನಾಟಕ 54 ವರ್ಷ ಆದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಆದ್ರೆ ಅದೆಲ್ಲ ಬೆಂಗಳೂರಿನ ಮಾತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹುಡುಗರ ಆಟ ಎಲ್ಲಿಗೆ ನಿಲ್ಲುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು. ಟೆಂತ್‌ಗೆ ನಿಲ್ಲುತ್ತೆ.

ಆ ರಾತ್ರಿ ಮ್ಯಾಚ್ ತೋರಿಸಿದ ನಗರಗೆರೆಯ ಗೆಳೆಯನೇ ನಮ್ಮ ಟೀಮ್‌ನ ಮಿಡ್‌ಫೀಲ್ಡರ್. ಚಪ್ಪಲಿ ಇಟ್ಟು ಗೋಲ್ ಮಾಡಿಕೊಂಡು ಆಡ್ತಿದ್ದ ಕಾಲದಿಂದ ಬಾಲ್ ಅವನ ಕಾಲಿಗೆ ಬಂದ್ರೆ ನಮಗೆಲ್ಲ ಧೈರ್ಯ. ಪಿಯುಗೆ ಬಂದ್ವಿ. ಟೈಮ್‌ಟೇಬಲ್‌ನಲ್ಲಿ ಪಿಟಿ ಅಂತ ಬರೆದಿತ್ತು, ಆ ಪೀರಿಯಡ್‌ನಲ್ಲಿ ಸಿಇಟಿ ಕ್ಲಾಸ್ ನಡೀತಿತ್ತು. ಭಾನುವಾರ ಟೆಸ್ಟ್. ಬಾಲ್ ಪಂಕ್ಚರ್ ಆಯ್ತು, ಯಾರೂ ಹೊಸದು ತರಲಿಲ್ಲ. ಇಂಜಿನಿಯರಿಂಗ್‌ಗೆ ಬಂದ ಮೇಲೆ ಮತ್ತೆ ಆಡೋಣ ಅಂದುಕೊಂಡಿದ್ವಿ. ಇಲ್ಲಿ ಗ್ರೌಂಡ್ ಇದೆ, ಗೋಲ್ ಪೋಸ್ಟ್ ಕೂಡ ಇದೆ. ಆದ್ರೆ ನಮ್ಮ ಕಡೆ ಹೋಗೋ ಕಾಲೇಜ್ ಬಸ್ ಸಂಜೆ ನಾಲ್ಕು ಮುಕ್ಕಾಲಿಗೇ ಹೊರಡುತ್ತೆ. ಪ್ರಾಕ್ಟೀಸ್ ಶುರುವಾಗೋದು ಐದಕ್ಕೆ. ಅಲ್ಲಿಗೆ ಹಾಸ್ಟೆಲ್ ಹುಡುಗರಿಗೆ ಮಾತ್ರ ಆಟ, ನಮಗೆ ಕಿಟಕಿ ಸೀಟು. ಹುಡುಗಿಯರ ಮಾತಂತೂ ಕೇಳಲೇಬೇಡಿ, ಅವರನ್ನ ಯಾರೂ ಗ್ರೌಂಡಿಗೆ ಕರೆದೇ ಇಲ್ಲ.

ಇನ್ನೊಂದು ತಮಾಷೆ. ವಿಟಿಯು ಸಿಲಬಸ್‌ನಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದು ನಮಗೆ ಕಡ್ಡಾಯ. ಕ್ರೆಡಿಟ್ ಮಾತ್ರ ಸೊನ್ನೆ. ಕಡ್ಡಾಯನೂ ಹೌದು, ಲೆಕ್ಕಕ್ಕೂ ಇಲ್ಲ!

ಮನೆಯವರನ್ನ ನಾವು ದೂರಲ್ಲ. ರೇಷ್ಮೆ ಗೂಡಿನ ರೇಟ್ ಬಿದ್ದ ವರ್ಷವೂ ಸಾಲ ತಂದು ಫೀಸ್ ಕಟ್ಟಿದ ಅಪ್ಪನಿಗೆ ‘ಫುಟ್‌ಬಾಲ್ ಆಡ್ತೀನಿ’ ಅಂದ್ರೆ ಭಯ ಆಗದೆ ಇನ್ನೇನಾಗುತ್ತೆ? ಪ್ಲೇಸ್‌ಮೆಂಟ್ ಬೇಕು, ಅದು ಸುಳ್ಳಲ್ಲ. ನಮ್ಮಲ್ಲಿ ಯಾರೂ ಮಿತೋಮ ಆಗಲ್ಲ ಅನ್ನೋದೂ ಗೊತ್ತು. ಆದ್ರೆ ಮಿತೋಮನ ಕಥೆಯಲ್ಲಿ ಅಪ್ಪಂದಿರಿಗೆ ಹಿಡಿಸೋ ಮಾತೇ ಇದೆಯಲ್ಲ. ಅವನು ಓದು ಬಿಟ್ಟು ಆಡಲಿಲ್ಲ, ಆಟ ಬಿಟ್ಟು ಓದಲೂ ಇಲ್ಲ. ಎರಡರಲ್ಲಿ ಒಂದನ್ನ ಆರಿಸು ಅಂತ ಹದಿನಾರು ವರ್ಷದ ಹುಡುಗರ ಕುತ್ತಿಗೆ ಮೇಲೆ ಕೂರೋದು ನಮ್ಮ ವ್ಯವಸ್ಥೆ ಮಾತ್ರ.

ಸ್ಟೇಡಿಯಂ ಕಟ್ಟಿ ಅಂತ ನಾವು ಕೇಳ್ತಿಲ್ಲ. ವಾರಕ್ಕೆ ಮೂರು ದಿನ ಆರೂವರೆಗೆ ಗೌರಿಬಿದನೂರು ಕಡೆ ಒಂದು ಬಸ್ ಬಿಡಿ. ಆ ಮೂರು ದಿನದಲ್ಲಿ ಒಂದು ದಿನ ಗ್ರೌಂಡ್ ಹುಡುಗಿಯರಿಗೆ ಇರಲಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಪ್ರತಿ ವರ್ಷ ಅದೇ ಅಟೆಂಡೆನ್ಸ್ ಆಪ್ ಮಾಡೋ ಬದಲು ಯಾರಾದ್ರೂ ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಡ್ರಿಬ್ಲಿಂಗ್ ಅಳೆಯಲಿ. ಅದಕ್ಕೆ ಬೇಕಾದ ಕೋಡಿಂಗ್ ನಮಗೆ ಬರುತ್ತೆ.

ಬಸ್‌ಗಾಗಿ ಅರ್ಜಿ ಬರೆದಿದ್ದೀವಿ, ಕನ್ನಡದಲ್ಲೇ. ನಮ್ಮ ಕನ್ನಡ ಕ್ಲಬ್‌ನ ನೋಟಿಸ್ ಬೋರ್ಡ್ ಹತ್ತಿರ ಇಟ್ಟಿದ್ದೀವಿ. ಮೊದಲ ಸಹಿ ನಗರಗೆರೆಯವನದ್ದು. ಹೊಸ ಬಾಲ್ ಕೂಡ ಅವನೇ ತಂದಿದ್ದಾನೆ. ಬಂದು ಸಹಿ ಹಾಕಿ.