ಟಾನಿಕ್ಕಿನ ಮೇಲೆ ನಂಬಿಕೆ, ಪಂಪಿನ ಮೇಲೆ ಭಯ

ಎಳೆಯ ಮಗುವಿಗೆ ಕೆಮ್ಮು ಹತ್ತಿ ಎದೆ ಸುಂಯ್ ಸುಂಯ್ ಎನ್ನತೊಡಗಿದರೆ ಕೆಮ್ಮಿನ ಟಾನಿಕ್ಕನ್ನು ಯಾರನ್ನೂ ಕೇಳದೆ ಕುಡಿಸುತ್ತೇವೆ. ವೈದ್ಯರೇ ಬರೆದುಕೊಟ್ಟ ಪಂಪನ್ನು (ಇನ್ಹೇಲರ್) ಮಾತ್ರ, ಅಭ್ಯಾಸವಾಗಿಬಿಡುತ್ತದೆ ಎಂದು ಬೀರುವಿನಲ್ಲಿಡುತ್ತೇವೆ. ಅಂಜಬೇಕಾದದ್ದಕ್ಕೆ ಅಂಜದೆ, ಅಂಜಬಾರದ್ದಕ್ಕೆ ಅಂಜುತ್ತಿದ್ದೇವೆ ಎಂಬುದು ನನ್ನ ವಾದ.

ಟಾನಿಕ್ ಕುಡಿದ ಮಗು ಮಲಗುತ್ತದೆ, ಮನೆಯವರಿಗೆ ನೆಮ್ಮದಿ. ಎಷ್ಟೋ ಸಲ ಅದು ಔಷಧಿ ತರಿಸಿದ ಮಂಪರು. ಎದೆಯೊಳಗಿನ ಕಫ ಹಾಗೆಯೇ ಇರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ಪು. ಅದು ತಯಾರಾದದ್ದು ನಮ್ಮ ತಮಿಳುನಾಡಿನದೇ ಕಾಂಚೀಪುರಂ ಜಿಲ್ಲೆಯಲ್ಲಿ. ಎಲ್ಲ ಬಾಟಲಿಯಲ್ಲೂ ವಿಷವಿರುವುದಿಲ್ಲ, ನಿಜ. ಆದರೆ ಆ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ನೀಡಿದ ಸೂಚನೆ ಶುದ್ಧ ಸಿರಪ್ಪಿಗೂ ಅನ್ವಯಿಸುತ್ತದೆ: ಕೆಮ್ಮು ನೆಗಡಿಯ ಔಷಧಿ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ.

ಇನ್ನು ಪಂಪು. ಸಾಲ್ಬುಟಮಾಲ್ ಎಂಬ ಔಷಧಿಯ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧಿಯ ಸಿರಪ್ಪಿನಲ್ಲಿ 5 ಮಿ.ಲೀ.ಗೆ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು. ಸಿರಪ್ಪು ರಕ್ತದಲ್ಲೆಲ್ಲ ಬೆರೆತು ಕೈ ನಡುಗಿಸಬಹುದು, ಎದೆಬಡಿತ ಏರಿಸಬಹುದು. ಪಂಪಿನ ಔಷಧಿ ಸ್ಪೇಸರ್ ಎಂಬ ಕೊಳವೆಯ ಮೂಲಕ ನೇರವಾಗಿ ಬಿಗಿದ ಉಸಿರುನಾಳಕ್ಕೆ ಹೋಗಿ ಕೆಲವೇ ನಿಮಿಷಗಳಲ್ಲಿ ಅದನ್ನು ಸಡಿಲಿಸುತ್ತದೆ.

ನೆಗಡಿಯಾದಾಗಲೆಲ್ಲ ಪಂಪು ಬೇಕಾಗುತ್ತದಲ್ಲ, ಅದೇ ಅಭ್ಯಾಸವಲ್ಲವೇ ಎಂಬ ತಾಯಂದಿರ ಪ್ರಶ್ನೆ ನ್ಯಾಯವಾದದ್ದು. ಆದರೆ ಮತ್ತೆ ಮತ್ತೆ ಬರುವುದು ಪಂಪಿನ ಅಭ್ಯಾಸವಲ್ಲ, ನೆಗಡಿಯ ವೈರಸ್ಸು. ಪುಟ್ಟ ಉಸಿರುನಾಳ ಒಂದಿಷ್ಟು ಊದಿದರೂ ದಾರಿ ಕಿರಿದಾಗುತ್ತದೆ. ಬೆಳೆದಂತೆ, ಆರು ವರ್ಷದ ಹೊತ್ತಿಗೆ, ಬಹಳಷ್ಟು ಮಕ್ಕಳಲ್ಲಿ ಎದೆಯ ಈ ಸುಂಯ್ ಸದ್ದು ತಾನಾಗಿ ನಿಲ್ಲುತ್ತದೆ. ಉಳಿದ ಮಕ್ಕಳಲ್ಲಿ ಆಸ್ತಮಾ ಇರಬಹುದು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಕೃಷ್ಣಗಿರಿ ಜಿಲ್ಲೆಯ ರಾಯಕೋಟೆಯಂಥ ಊರಿನಲ್ಲಿ ಅಪ್ಪ ಅಮ್ಮ ಹೊಸೂರಿನ ಕಾರ್ಖಾನೆಗೋ ಟೊಮೆಟೊ ಮಂಡಿಗೋ ಹೋದರೆ ಮಗು ಅಜ್ಜಿಯ ಬಳಿ. ಸೌದೆ ಒಲೆ, ಸೊಳ್ಳೆಬತ್ತಿಯ ಹೊಗೆಯಿಂದ ಅದನ್ನು ದೂರವಿಡಬೇಕಾದವರು ಅವರೇ. ಅಪಾಯ ಮೊದಲು ಕಾಣುವುದೂ ಅವರಿಗೇ. ಅವರು ಕಲಿಯಬೇಕಾದದ್ದು ಇಷ್ಟು: ಮಗು ಅಳದೆ ಮಲಗಿರುವಾಗ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳಿನಿಂದ ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ ಅಂದೇ ಆಸ್ಪತ್ರೆಗೆ. ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ತಕ್ಷಣ 108.

ಜನರ ಬಳಿಗೇ ಚಿಕಿತ್ಸೆ ಒಯ್ಯುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟಿನಲ್ಲಿ ಆರಂಭವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿಪಿ, ಶುಗರ್ ಮಾತ್ರೆಗಳನ್ನು ಮನೆ ಬಾಗಿಲಿಗೆ ತರುವವರು ಅದೇ ಭೇಟಿಯಲ್ಲಿ ಉಸಿರು ಎಣಿಸುವುದನ್ನೂ ಸ್ಪೇಸರ್ ಹಿಡಿಯುವುದನ್ನೂ, ಅಜ್ಜಿ ಆಡುವ ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ, ಹೇಳಿಕೊಡಬೇಕು. ಟಾನಿಕ್ಕು ನಂಬಿಕೆ ಗಳಿಸಿರುವುದು ಕೈಗೆಟುಕುವ ಅಂಗಡಿಯಲ್ಲಿರುವುದರಿಂದ. ಸರಿಯಾದ ತಿಳಿವಳಿಕೆಯೂ ಅಷ್ಟೇ ಹತ್ತಿರ ಬಂದರೆ ಪಂಪು ಬೀರುವಿನಿಂದ ಹೊರಬರುತ್ತದೆ.