ತಿಮಿಂಗಿಲದ ಆಟ ಬೋಧನೋಪಕರಣವೇ?

ಮಕ್ಕಳನ್ನು ತಿಮಿಂಗಿಲದ ಆಟಕ್ಕೆ ಕರೆದೊಯ್ಯಬೇಕೇ ಎಂಬುದು ಅಮೆರಿಕದವರ ಪ್ರಶ್ನೆ, ನಮಗೇಕೆ ಎನ್ನಬಹುದು. ಆದರೆ ‘ಹೊಂದಾಣಿಕೆ’ ಪಾಠದ ಪೀಠಿಕೆಗೆ ಸೀವರ್ಲ್ಡ್‌ನ ಓರ್ಕಾ ಜಿಗಿತದ ವಿಡಿಯೋ ಹಾಕಿದರೆ ನಾವೂ ಕರೆದೊಯ್ದಂತೆಯೇ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ವೀಕ್ಷಕರು ‘ಆಸಕ್ತಿ ಕೆರಳಿಸಲಾಗಿದೆ’ ಎಂದು ಬರೆಯುತ್ತಾರೆ. ಕಲಿತದ್ದೇನು?

ಕೊಳದಲ್ಲಿರುವ ಗಂಡು ಓರ್ಕಾದ ಬೆನ್ನಿನ ಈಜುರೆಕ್ಕೆ ಸಾಮಾನ್ಯವಾಗಿ ಒಂದು ಬದಿಗೆ ಬಾಗಿ ಬಿದ್ದಿರುತ್ತದೆ. ಕಡಲಲ್ಲಿ ಅದು ಆಳೆತ್ತರ, ನೆಟ್ಟಗೆ. ಕೆನಡಾದ ಪಶ್ಚಿಮ ಕರಾವಳಿಯ ಕೆಲವು ಓರ್ಕಾ ಗುಂಪುಗಳಲ್ಲಿ ಮರಿಗಳು ಬೆಳೆದ ಮೇಲೂ ತಾಯಿಯನ್ನು ಬಿಟ್ಟು ಹೋಗುವುದಿಲ್ಲ. ತಿಲಿಕಮ್ ಎಂಬ ಓರ್ಕಾವನ್ನು 1983ರಲ್ಲಿ ಐಸ್‌ಲ್ಯಾಂಡ್ ಬಳಿ ಹಿಡಿದಾಗ ಅದಕ್ಕೆ ಸುಮಾರು ಎರಡು ವರ್ಷ. 2010ರಲ್ಲಿ ಒರ್ಲ್ಯಾಂಡೊದಲ್ಲಿ ಅದು ತನ್ನ ತರಬೇತುದಾರಳನ್ನೇ ಕೊಂದಿತು. 2017ರಲ್ಲಿ ಅಲ್ಲೇ ಸತ್ತಿತು.

ಕಣ್ಣಾರೆ ಕಂಡರೆ ಪ್ರೀತಿ ಹುಟ್ಟುತ್ತದೆ ಎಂಬ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಮೀನಿಗಾಗಿ ಜಿಗಿಯುವುದನ್ನು ಮಗು ‘ಸಂತೋಷ’ ಎಂದು ಬರೆದುಕೊಂಡರೆ ಅದು ವೀಕ್ಷಣೆಯೇ?

ಹೆಸರಿಗೆ ತಿಮಿಂಗಿಲವಾದರೂ ಓರ್ಕಾ ಡಾಲ್ಫಿನ್ ಕುಟುಂಬದ್ದು. ಡಾಲ್ಫಿನೇರಿಯಂಗಳಿಗೆ ಅನುಮತಿ ಇಲ್ಲವೆಂದು ಭಾರತ 2013ರಲ್ಲೇ ಹೇಳಿದೆ. ಸ್ಮಾರ್ಟ್ ಕ್ಲಾಸ್‌ಗೆ ಅದೇ ಆಟ ಏಕೆ? ತೋರಿಸಲೇಬೇಕೆಂದರೆ ಧ್ವನಿ ನಿಲ್ಲಿಸಿ, ಬಾಗಿದ ರೆಕ್ಕೆ ಕಾಣುವಲ್ಲಿ ತಡೆದು, ಪಕ್ಕದಲ್ಲಿ ಕಡಲಿನ ಓರ್ಕಾದ ಚಿತ್ರ ಇಟ್ಟು, ವ್ಯತ್ಯಾಸವೇನೆಂದು ಮಕ್ಕಳನ್ನೇ ಕೇಳಬಹುದು.