ಈಜುಕೊಳಕ್ಕೆ ಮುಂಚೆ ಮಣ್ಣು ನೋಡಿ

ಮನೆಯಂಗಳದಲ್ಲೇ ಈಜುಕೊಳ ಕಟ್ಟಿಸುವ ಶೋಕಿ ಬೆಂಗಳೂರು ದಾಟಿ ಜಿಲ್ಲೆಗಳಿಗೂ ಕಾಲಿಟ್ಟಿದೆ. ದುಡ್ಡಿದ್ದವರು ಕಟ್ಟಿಸಲಿ, ಬೇಡ ಅನ್ನೋಕೆ ನಾವ್ಯಾರು? ಆದರೆ ಟೈಲ್ಸಿನ ಬಣ್ಣ ಆರಿಸುವ ಮುಂಚೆ ಕಾಲಡಿಯ ಮಣ್ಣು ನೋಡಬೇಕು.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಂಥಲ್ಲಿ ಬರೀ ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತಿದ ಕೊಳ ಬಿರುಕು ಬಿಡದೆ ಇದ್ದೀತೇ? ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಖರ್ಚು ಜಾಸ್ತಿ, ಸರಿಯಾಗಿ ಕಟ್ಟಿದರೆ ಬಾಳಿಕೆಯೂ ಜಾಸ್ತಿ. ಫೈಬರ್ ತೊಟ್ಟಿ ಬೇಗ ಕೂರುತ್ತದೆ. ಅಂತರ್ಜಲ ಮೇಲಿರುವ ಕಡೆ ಮಳೆಗಾಲದಲ್ಲಿ ಖಾಲಿ ಮಾಡಿದರೆ ನೆಲ ಬಿಟ್ಟು ಮೇಲೇಳಲೂಬಹುದು. ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ಅಗ್ಗ, ಆದರೆ ಹಾಳೆ ಹರಿದರೆ ಮತ್ತೆ ಖರ್ಚು.

20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳಕ್ಕೆ 22,000 ಲೀಟರಿಗೂ ಮೇಲೆ ನೀರು ಬೇಕು. ಅದು ಸೋರಿದರೆ ಪೋಲಾಗುವುದು ಬೀದಿಯವರೆಲ್ಲರ ಬೋರ್‌ವೆಲ್ ನೀರು, ಕೆಡುವುದು ಪಕ್ಕದ ಮನೆಯ ಪಾಯ.

2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಬರ ಬಂದ ಮೇಲೆ ದಂಡ ಹಾಕುವುದಕ್ಕಿಂತ, ನಕ್ಷೆಗೆ ಮೊಹರು ಒತ್ತುವ ಮುನ್ನ ಮಣ್ಣು ಪರೀಕ್ಷೆ, ಕಟ್ಟಿದ ಮೇಲೆ ಸೋರಿಕೆ ಪರೀಕ್ಷೆ ಕೇಳುವುದು ಲೇಸಲ್ಲವೇ? ನಗರಸಭೆಯವರು ಉತ್ತರ ಕೊಡಲಿ.